ನಲವತ್ತು ಕ್ಯಾನುಗಳ ಸರಾಸರಿ

ಬೆಳಿಗ್ಗೆ ಹಲ್ಲುಜ್ಜುವ ಮೊದಲು ಫೋನು ತೆರೆದು ನೋಡಿದಾಗ ನಾನೂರ ಹನ್ನೆರಡು ಇದ್ದದ್ದು ನಾನೂರ ಹದಿಮೂರು ಆಗಿತ್ತು. ಡಾಕ್ಟರ್ ಸಾಯಿನಾಥ ಅದನ್ನು ಎರಡು ಸಲ ನೋಡಿದ. ಒಂದು ಕೂಡಿದರೆ ಒಂದು ಹೆಚ್ಚಾಗುತ್ತದೆ ಎಂಬುದು ಒಂದನೇ ಇಯತ್ತೆಯ ಲೆಕ್ಕ. ಆದರೂ ಐವತ್ತನಾಲ್ಕರ ವಯಸ್ಸಿನಲ್ಲಿ ಆ ಒಂದು ಅವನ ಎದೆಯೊಳಗೆ ಬೆಚ್ಚಗೆ ಏನನ್ನೋ ಸುರಿಯಿತು. ಈ ಸಲದವನು ಪೋರ್ಚುಗಲ್ಲಿನವನು. ರಕ್ತದೊತ್ತಡ ಮತ್ತು ಉಪ್ಪಿನ ಕುರಿತು ಬರೆದ ಲೇಖನದ ಅಡಿಯಲ್ಲಿ, ಅರವತ್ತೆಂಟನೆಯ ಟಿಪ್ಪಣಿಯಾಗಿ, ಸಾಯಿನಾಥನ ಪ್ರಬಂಧವನ್ನು ಉಲ್ಲೇಖಿಸಿದ್ದ. ಬೆಳಂಬಾರ ಎಂಬ ಊರಿನ ಹೆಸರನ್ನು ತಪ್ಪಾಗಿ ಬರೆದಿದ್ದ, ಸಾಯಿನಾಥನ ಹೆಸರನ್ನು ಸರಿಯಾಗಿ ಬರೆದಿದ್ದ. ಎರಡರಲ್ಲಿ ಒಂದು ಸರಿಯಿದ್ದರೆ ವಿಜ್ಞಾನಕ್ಕೆ ಸಾಕು. ಸದಾಶಿವಗಡದ ಮನೆಯ ಹಿತ್ತಲಲ್ಲಿ ಯಾರೋ ಮೀನು ಕೊಯ್ಯುವವಳನ್ನು ಕರೆಯುತ್ತಿದ್ದರು. ಹೆಂಡತಿ ವಿದ್ಯಾ ಪಕ್ಕದ ಮನೆಯಿಂದ ಬಂದ ಖೀರಿನ ಬಟ್ಟಲನ್ನು ತೊಳೆದು, ಅದರೊಳಗೆ ನಾಲ್ಕು ಹರಳು ಕಲ್ಲುಸಕ್ಕರೆ ಹಾಕಿ ಮರಳಿ ಕೊಡಲು ಹೊರಟಿದ್ದಳು. ಅವನ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ಪರರ ಮನೆಯ ಪಾತ್ರೆಯನ್ನು ಬರಿದಾಗಿ ಮರಳಿಸುವುದು ಈ ಕಡೆಯ ಯಾವ ಜಾತಿಯಲ್ಲೂ ಇಲ್ಲ. ಸಾಯಿನಾಥ ಅದನ್ನು ಹುಟ್ಟಿದಾಗಿನಿಂದ ನೋಡಿದ್ದ. ನೋಡಿದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವನು ಕಾರವಾರದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸಹ ಪ್ರಾಧ್ಯಾಪಕ. ಸಹ ಎಂಬ ಎರಡು ಅಕ್ಷರ ಹದಿಮೂರು ವರ್ಷಗಳಿಂದ ಅವನ ಬಾಗಿಲ ಫಲಕದಲ್ಲಿ ಕೂತಿತ್ತು. ಅದನ್ನು ಉದುರಿಸುವ ಅರ್ಜಿಯನ್ನು ಈ ದಿನ ಸಂಜೆ ಐದರೊಳಗೆ ಗಣಕದಲ್ಲಿ ತುಂಬಿಸಬೇಕಾಗಿತ್ತು. ಅರ್ಜಿ ಅವನ ಕಲಿಸುವಿಕೆಯನ್ನು ಕೇಳಿರಲಿಲ್ಲ, ವಾಸಿಯಾದ ರೋಗಿಗಳನ್ನು ಕೇಳಿರಲಿಲ್ಲ, ಎಚ್-ಸೂಚ್ಯಂಕವನ್ನು ಕೇಳಿತ್ತು. ಒಬ್ಬನ ನಾಲ್ಕು ಪ್ರಬಂಧಗಳನ್ನು ಲೋಕವು ತಲಾ ನಾಲ್ಕು ಬಾರಿಯಾದರೂ ಉಲ್ಲೇಖಿಸಿದ್ದರೆ ಅವನ ಸೂಚ್ಯಂಕ ನಾಲ್ಕು. ನಾಲ್ಕಿದ್ದರೆ ಪ್ರಾಧ್ಯಾಪಕ, ಮೂರಿದ್ದರೆ ಮನುಷ್ಯ. ಸಾಯಿನಾಥನ ಪ್ರಬಂಧಗಳು ಇಪ್ಪತ್ತಮೂರು. ಅವುಗಳಲ್ಲಿ ಒಂದಕ್ಕೆ ನಾನೂರ ಹದಿಮೂರು ಉಲ್ಲೇಖ. ಉಳಿದ ಇಪ್ಪತ್ತೆರಡಕ್ಕೆ ಎಲ್ಲ ಸೇರಿ ಐವತ್ತೊಂದು. ಆ ಐವತ್ತೊಂದರಲ್ಲಿ ಮೂವತ್ತೇಳನ್ನು ಅವನೇ ತನ್ನ ಬೇರೆ ಪ್ರಬಂಧಗಳಲ್ಲಿ ಉಲ್ಲೇಖಿಸಿಕೊಂಡಿದ್ದ, ಬೇರೆ ಯಾರಿಗೂ ತೊಂದರೆ ಕೊಡದೆ. ಸೂಚ್ಯಂಕ ಸರಿಯಾಗಿ ನಾಲ್ಕು. ಆ ಒಂದು ಪ್ರಬಂಧವನ್ನು ತೆಗೆದರೆ ಮೂರು. ನಾನೂರ ಹದಿಮೂರು ಮಂದಿ ವಿದ್ವಾಂಸರ ಒಟ್ಟು ತೂಕ ಒಂದು ಎಂಬುದು ಅವನಿಗೆ ಕೆಲವು ರಾತ್ರಿ ಅನ್ಯಾಯವೆಂದು ತೋರಿದ್ದುಂಟು. ಈ ದಿನ ಆ ಒಂದೇ ಸಾಕಾಗಿತ್ತು. ಅರ್ಜಿಯ ಕೊನೆಯಲ್ಲಿ ಫಲಾನುಭವಿಗಳೊಡನೆ ತೆಗೆಸಿಕೊಂಡ ಒಂದು ಭಾವಚಿತ್ರವನ್ನೂ ಕೇಳಿದ್ದರು. ಅದಕ್ಕಾಗಿಯೇ, ಹನ್ನೊಂದು ವರ್ಷಗಳ ನಂತರ ಮೊದಲ ಸಲ, ಅವನು ಬೆಳಂಬಾರಕ್ಕೆ ಹೊರಟದ್ದು.

ಎರಡು ಲೋಟ ಚಹಾ ಕುಡಿದು ಕಾರು ತೆಗೆದದ್ದು ತಪ್ಪಾಯಿತೆಂದು ಕಾಳಿ ನದಿಯ ಮೇಲೆ ಈಗ ಉಳಿದಿರುವ ಒಂದೇ ಸೇತುವೆಯನ್ನು ದಾಟುವಾಗಲೇ ಗೊತ್ತಾಯಿತು. ಆರು ತಿಂಗಳಿಂದ ಅವನ ಮೂತ್ರಕೋಶ ಅವನ ಮಾತು ಕೇಳುತ್ತಿರಲಿಲ್ಲ. ವಯಸ್ಸಾದ ಗಂಡಸರಿಗೆಲ್ಲ ಹೀಗೆ ಎಂದು ತರಗತಿಯಲ್ಲಿ ಹೇಳುವಾಗ ಆ ಗಂಡಸರಲ್ಲಿ ತಾನು ಸೇರಿದ್ದೇನೆಂದು ಅನ್ನಿಸುತ್ತಿರಲಿಲ್ಲ. ಕಾಲೇಜಿನ ಗೇಟಿನಲ್ಲಿ ನಾಗಶ್ರೀ, ಗೋದಾವರಿ ಹತ್ತಿದರು. ನಾಗಶ್ರೀ ಅವನ ಕೈಕೆಳಗೆ ಸ್ನಾತಕೋತ್ತರ ಅಭ್ಯಾಸ ಮಾಡುವ ಹುಡುಗಿ, ಅಂಕೋಲೆಯ ಕಡೆಯವಳು. ಅವನ ಹಳೆಯ ಅಧ್ಯಯನವನ್ನು ಅದೇ ನಲವತ್ತು ಮಂದಿಯ ಮೇಲೆ ಮತ್ತೊಮ್ಮೆ ಮಾಡುವ ವಿಷಯವನ್ನು ಅವನೇ ಅವಳಿಗೆ ಕೊಟ್ಟಿದ್ದ. ಶಿಷ್ಯೆ ಗುರುವಿನ ಪ್ರಬಂಧವನ್ನು ಉಲ್ಲೇಖಿಸಲೇಬೇಕು. ನಾನೂರ ಹದಿನಾಲ್ಕು ಅಲ್ಲಿಂದ ಬರಲೆಂದು. ಗೋದಾವರಿ ನರ್ಸು; ಹನ್ನೊಂದು ವರ್ಷದ ಹಿಂದೆ ಬೆಳಂಬಾರದಲ್ಲಿ ತಿಂದ ಉಪ್ಪನ್ನು ಅಳೆಯಲು ಮನೆಮನೆಗೆ ಕ್ಯಾನು ಕೊಟ್ಟು, ಒಂದು ದಿನದ ಮೂತ್ರ ತುಂಬಿಸಿ ತಂದವಳು ಅವಳೇ. ಬರುವ ಮಾರ್ಚಿಗೆ ನಿವೃತ್ತಿ. ಅವಳು ಹಿಂದಿನ ಸೀಟಿನಲ್ಲಿ ಕೂತು ಸಮುದ್ರ ನೋಡತೊಡಗಿದಳು, ಕಾರವಾರದಲ್ಲಿ ಹುಟ್ಟಿದವರು ಸಾಮಾನ್ಯವಾಗಿ ನೋಡದಷ್ಟು ಹೊತ್ತು.

"ಸರ್, ರಿಪೋರ್ಟ್ ಬಂತು," ಎಂದಳು ನಾಗಶ್ರೀ, ಸುರಂಗದೊಳಗೆ ಕಾರು ನುಗ್ಗಿದಾಗ. ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ. "ಸರಾಸರಿ ಹತ್ತೂ ಮುಕ್ಕಾಲು ಗ್ರಾಂ ಉಪ್ಪು ಬಂದದೆ."

"ಹತ್ತೂ ಮುಕ್ಕಾಲು ಹೇಗೆ ಬರ್ತದೆ? ನಾಲ್ಕೂವರೆ ಬರಬೇಕು."

"ಬರಬೇಕು ಸರ್. ಬರಲಿಲ್ಲ."

"ಲ್ಯಾಬಿನವರ ತಪ್ಪು."

"ಎರಡು ಲ್ಯಾಬಿಗೆ ಕಳಿಸಿದ್ದೆ. ಒಬ್ಬೊಬ್ಬರದು ಒಂದೊಂದು ಥರ ಇದೆ ಸರ್. ಆರರಿಂದ ಹದಿನೇಳರವರೆಗೆ. ನಿಮ್ಮದರಲ್ಲಿ ನಲವತ್ತೂ ಮಂದಿ ಒಂದೇ ತಾಯಿ ಹೆತ್ತ ಹಾಗೆ ಇದ್ದಾರಲ್ಲ, ಹಾಗಿಲ್ಲ."

ಬೆಳಂಬಾರದ ಜನ ಲೋಕದ ಉಳಿದವರು ತಿನ್ನುವ ಉಪ್ಪಿನ ಅರ್ಧವನ್ನು ಮಾತ್ರ ತಿನ್ನುತ್ತಾರೆ, ಮತ್ತು ಎಲ್ಲರೂ ಸಮನಾಗಿ ತಿನ್ನುತ್ತಾರೆ: ಇದು ಸಾಯಿನಾಥನ ಶೋಧ. ಉಪ್ಪಿನ ಗದ್ದೆಗಳು ಕಣ್ಣಳತೆಯಲ್ಲಿರುವ, ಒಣಮೀನಿಲ್ಲದೆ ಗಂಜಿ ಇಳಿಯದ ತಾಲ್ಲೂಕಿನಲ್ಲಿ ಇಂಥ ಜನ ಸಿಕ್ಕಿದ್ದೇ ಅದರ ಸೊಗಸು. ಅದು ಅಚ್ಚಾದಾಗ ನೆದರ್ಲೆಂಡಿನವನೊಬ್ಬ ಈ ಜನರ ವಂಶವಾಹಿಯಲ್ಲಿ ವಿಶೇಷವಿರಬೇಕೆಂದು ಊಹಿಸಿದ. ಜಪಾನಿನ ಇಬ್ಬರು ಆ ಊಹೆಯನ್ನು ಸಮೀಕರಣವಾಗಿ ಬರೆದರು. ಬ್ರೆಜಿಲಿನವನೊಬ್ಬ ಸಮೀಕರಣವನ್ನು ತಪ್ಪೆಂದು ತೋರಿಸಿ ಊಹೆಯನ್ನು ಮಾತ್ರ ಉಳಿಸಿಕೊಂಡ. ಹೀಗೆ ನಾನೂರ ಹದಿಮೂರು. ಇವರಲ್ಲಿ ಒಬ್ಬನಾದರೂ ಬೆಳಂಬಾರಕ್ಕೆ ಬಂದು ಒಂದು ಊಟ ಮಾಡಿದ್ದರೆ ಪ್ರಬಂಧ ಅಂದೇ ಸಾಯುತ್ತಿತ್ತು. ಆದರೆ ಉಲ್ಲೇಖಿಸಲು ಊಟ ಮಾಡಬೇಕಾಗಿಲ್ಲ.

"ಸರ್, ಆಗ ಕ್ರಿಯಾಟಿನಿನ್ ಮಾಡಿಸಿರಲಿಲ್ವಾ?"

ಸುರಂಗ ಮುಗಿದು ಬಿಸಿಲು ಮುಖಕ್ಕೆ ಹೊಡೆಯಿತು. "ಮಾಡಿಸಿರಲಿಲ್ಲ," ಎಂದ ಸಾಯಿನಾಥ.

ಮಾಡಿಸಿದ್ದ. ಕ್ರಿಯಾಟಿನಿನ್ ದೇಹದ ಸ್ನಾಯುವಿನ ಅಳತೆಯನ್ನು ಹೇಳುವ ಅಂಶ. ದಿನವಿಡೀ ಶೇಖರಿಸಿದ ಮೂತ್ರದಲ್ಲಿ ಗಂಡಸಿಗೆ ಹೆಚ್ಚು, ಹೆಂಗಸಿಗೆ ಕಡಿಮೆ, ಒಂದೊಂದು ದೇಹಕ್ಕೆ ಒಂದೊಂದು. ನಲವತ್ತು ಮಂದಿಯಲ್ಲಿ ಇಪ್ಪತ್ತೆಂಟು ಹೆಂಗಸರು, ಹನ್ನೆರಡು ಗಂಡಸರು. ವರದಿಯ ಕಾಲಮ್ಮಿನಲ್ಲಿ ಮಾತ್ರ ಮೇಲಿನಿಂದ ಕೆಳಗೆ ಹೆಚ್ಚುಕಡಿಮೆ ಒಂದೇ ಸಂಖ್ಯೆ, ಅದೂ ಒಬ್ಬ ಪೂರ್ಣ ಮನುಷ್ಯನಿಗೆ ಇರಬೇಕಾದ್ದರ ಅರ್ಧ. ಆ ಹಾಳೆ ಕೈಗೆ ಬಂದ ಮಧ್ಯಾಹ್ನ ಅವನಿಗೆ ಚೆನ್ನಾಗಿ ನೆನಪಿತ್ತು. ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲೆ ಅರ್ಧ ತಿಂದ ಬಿಸ್ಕೀಟು ಇತ್ತು. ನಲವತ್ತು ಅರ್ಧ ಮನುಷ್ಯರು ಹಾಳೆಯ ಮೇಲಿನಿಂದ ಅವನನ್ನು ನೋಡುತ್ತಿದ್ದರು. ಲೆಕ್ಕದಲ್ಲಿ ಎಂದೂ ನೂರಕ್ಕೆ ತೊಂಬತ್ತೈದಕ್ಕಿಂತ ಕೆಳಗಿಳಿಯದ ಅವನಿಗೆ ಇದರ ಅರ್ಥ ತಿಳಿಯಲು ಹತ್ತು ನಿಮಿಷ ಬೇಕಾಗಿರಲಿಲ್ಲ, ಆದ್ದರಿಂದ ಐದೇ ನಿಮಿಷದಲ್ಲಿ ಹಾಳೆಯನ್ನು ಮಡಚಿದ. ಕಾಲಮ್ಮನ್ನು ಕೋಷ್ಟಕದಿಂದ ತೆಗೆದ. ಪತ್ರಿಕೆಯವರು ಆರು ಪುಟ ಎಂದಿದ್ದರು. ಆ ಕಾಲಮ್ಮು ಇದ್ದರೆ ಏಳಾಗುತ್ತಿತ್ತು. ಸತ್ಯಕ್ಕೆ ಒಂದು ಪುಟ ಜಾಸ್ತಿಯಾಗಿದ್ದರಿಂದ ಅದನ್ನು ಬಿಡಬೇಕಾಯಿತು. ಕಾರಣವೇನೆಂದು ಅವನು ಮುಂದೆ ಎಂದೂ ಹುಡುಕಲಿಲ್ಲ. ಹುಡುಕಿದರೆ ಸಿಗುತ್ತದೆಂಬ ಭಯ ಸಂಶೋಧಕರಲ್ಲಿ ಅಷ್ಟೇನೂ ಅಪರೂಪವಲ್ಲ.

ಹಾರವಾಡ ಬಂತು. ಹೊಟ್ಟೆಯ ಕೆಳಗೆ ಭಾರ ಹೆಚ್ಚುತ್ತಿತ್ತು. ರಸ್ತೆಯ ಬದಿಗೆ ಕಾರು ನಿಲ್ಲಿಸಿ ಎರಡು ನಿಮಿಷ ಗೇರುಮರದ ಹಿಂದೆ ಹೋಗಿ ಬರಬಹುದಾಗಿತ್ತು. ಎಲ್ಲ ಲಾರಿಯವರೂ ಹೋಗುತ್ತಾರೆ. ಆದರೆ ಮುಂದಿನ ಸೀಟಿನಲ್ಲಿ ಮಗಳ ವಯಸ್ಸಿನ ಶಿಷ್ಯೆ ಕೂತಿದ್ದಳು, ಹಿಂದೆ ನರ್ಸು ಕೂತಿದ್ದಳು. ಮನುಷ್ಯರ ಇಪ್ಪತ್ನಾಲ್ಕು ಗಂಟೆಯ ಮೂತ್ರದ ಮೇಲೆ ಆರು ಪುಟ ಬರೆದು ಅಂತರರಾಷ್ಟ್ರೀಯನಾದವನು ತನಗೆ ಅವಸರವಾಗಿದೆ ಎಂಬ ಒಂದು ವಾಕ್ಯವನ್ನು ಇಬ್ಬರು ಹೆಂಗಸರ ಮುಂದೆ ಆಡಲಾರದೆ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದ. ಇದೇ ನಾಚಿಕೆ ಇಪ್ಪತ್ತೆಂಟು ಹೆಂಗಸರಿಗೂ ಇದ್ದಿರಬಹುದೆಂಬ ಯೋಚನೆ ಅವನ ಬಳಿ ಬಂತು, ಬಾಗಿಲಲ್ಲಿ ನಿಂತಿತು, ಒಳಗೆ ಕರೆಯದ್ದರಿಂದ ಹೋಯಿತು.

"ಒಬ್ಬ ಅಜ್ಜ ನಿಮ್ಮನ್ನ ಕಾಣಬೇಕಂತ ಕೂತಿದ್ದಾರೆ ಸರ್," ಎಂದಳು ನಾಗಶ್ರೀ. "ಕುಪ್ಪ ಗೌಡ ಅಂತ. ಅಮಾಸೆ ದಿನ ಆ ನಲವತ್ತರಲ್ಲಿ ಈಗ ಇರುವವರಿಗೆಲ್ಲ ಒಟ್ಟಿಗೇ ಕ್ಯಾನು ಕೊಟ್ಟಿದ್ದೆ, ಅವತ್ತು ಯಾರೂ ಗದ್ದೆಗೆ ಇಳಿಯೂದಿಲ್ಲ ಅಂತ. ಆಗ ಅವರು ಬಂದು, ನಂಗೆಲ್ಲಿ ಅಂತ ಕೇಳಿದ್ರು. ಪಟ್ಟಿಲಿ ನಿಮ್ಮ ಹೆಸರಿಲ್ಲ ಅಜ್ಜಾ ಅಂದೆ. ನಕ್ಕರು. ಬಿಡಲೇ ಇಲ್ಲ. ಕಡೆಗೆ ಒಂದು ಕೊಟ್ಟೆ. ಅದೊಂದನ್ನ ಇವತ್ತು ತರಬೇಕು."

"ಪಟ್ಟಿಯಲ್ಲಿಲ್ಲದವರಿಗೆ ಕ್ಯಾನು ಕೊಡಬಾರದು. ಶಿಸ್ತು ಇರಬೇಕು."

ಹಿಂದಿನ ಸೀಟಿನಿಂದ ಗೋದಾವರಿ ಮೊದಲ ಸಲ ಬಾಯಿ ತೆರೆದಳು. "ಶಿಸ್ತು ಆ ಅಜ್ಜನಿಗೆ ಇದ್ದಷ್ಟು ಯಾರಿಗೂ ಇರಲಿಲ್ಲ ಸರ್," ಎಂದು ಮತ್ತೆ ಕಿಟಕಿಯ ಕಡೆ ತಿರುಗಿದಳು. ಅಲ್ಲಿ ಈಗ ಸಮುದ್ರವೂ ಇರಲಿಲ್ಲ.

ಅಂಕೋಲೆಯಲ್ಲಿ ಶಿವಾನಂದನ ಫೋನು ಬಂತು. ಶಿವಾನಂದ ವಿಭಾಗದ ಮುಖ್ಯಸ್ಥ. ಸಾಯಿನಾಥನಿಗಿಂತ ಆರು ವರ್ಷ ಚಿಕ್ಕವನು, ಸೂಚ್ಯಂಕ ಒಂಬತ್ತು. "ಏನು ಸಾಯಿನಾಥ್, ಅರ್ಜಿ ಹಾಕಿದ್ಯಾ? ಐದಕ್ಕೆ ಕಿಟಕಿ ಮುಚ್ಚತದೆ. ಆಮೇಲೆ ನನ್ನ ಹತ್ರ ಅಳಬೇಡ." ಹಾಕುತ್ತೇನೆ ಸರ್, ಎಂದ ಸಾಯಿನಾಥ. ಸರ್ ಎಂಬುದು ಚಿಕ್ಕವನಿಗೆ ಹೇಳುವಾಗ ಬಾಯಲ್ಲಿ ಒಂದು ಕಲ್ಲಿನಂತೆ ಉಳಿಯುತ್ತದೆ. ತೆಗೆದು ಉಗುಳಬೇಕೆಂದರೆ ನಾಲ್ಕು ಬೇಕು.

ಬೆಳಂಬಾರದಲ್ಲಿ ಕುಪ್ಪನ ಮನೆಯ ಅಂಗಳದ ತುಂಬ ಶೇಂಗಾ ಒಣಗಲು ಹಾಕಿದ್ದರು. ಕಾಲಿಡಲು ಬಿಟ್ಟಿದ್ದ ಸಣ್ಣ ದಾರಿಯಲ್ಲಿ ಸಾಯಿನಾಥ ತೊಡೆಗಳನ್ನು ಹತ್ತಿರ ಹಿಡಿದು ನಡೆದ. ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಕ ಕೂತಿದ್ದ. ಒಂದು ಕಾಲು ಮೊಣಕಾಲಿನಿಂದ ವಕ್ರ, ಎರಡೂ ಪಾದ ಊದಿಕೊಂಡಿದ್ದವು. ಅವನ ಪಕ್ಕದಲ್ಲಿ ಬಿಳಿಯ ಕ್ಯಾನು, ನಾಗಶ್ರೀಯ ಅಕ್ಷರದ ಚೀಟಿಯೊಡನೆ, ತೊಳೆದಿಟ್ಟ ದೇವರ ಸಾಮಾನಿನಂತೆ ಹೊಳೆಯುತ್ತಿತ್ತು. ಕೆಳಗೆ ಚಾಪೆಯ ಮೇಲೆ ಐವತ್ತರ ಒಳಗಿನ ಹೆಂಗಸೊಬ್ಬಳು ಶೇಂಗಾ ಬಿಡಿಸುತ್ತಿದ್ದಳು: ಬಲಗೈಯಿಂದ ಎತ್ತಿ, ಹಲ್ಲಿನಿಂದ ಒಡೆದು, ಬಲಗೈಗೇ ಉಗುಳಿ. ಎಡಗೈ ಮಡಿಲಲ್ಲಿ ಬೇರೆ ಯಾರದೋ ಎಂಬಂತೆ ಬಿದ್ದಿತ್ತು.

"ಬನ್ನಿ ಡಾಕ್ಟ್ರೇ, ಕೂತ್ಕಣಿ," ಎಂದ ಕುಪ್ಪ. "ಹನ್ನೊಂದ್ ವರ್ಷಾತು. ಸ್ವಲ್ಪ ದಪ್ಪ ಆಗೀರಿ. ಇವಳು ನನ್ನ ಸೊಸಿ ಶಂಕರಿ. ಗುರ್ತು ಸಿಗೂದಿಲ್ಲ, ಆಗ ಎರಡೂ ಕೈ ಇತ್ತು."

ಸಾಯಿನಾಥ ಕೂರಲಿಲ್ಲ, ಕೂತರೆ ಭಾರ ಮೇಲಕ್ಕೆ ಒತ್ತುತ್ತದೆ. ನಾಗಶ್ರೀ ಭಾವಚಿತ್ರಕ್ಕಾಗಿ ಫೋನು ತೆಗೆದಳು. ಮುದುಕ ಅಂಗಿಯ ಗುಂಡಿ ಹಾಕಿಕೊಂಡ.

"ಪಟ್ಟಿಲಿ ಹೆಸರಿಲ್ಲ ಅಂತು ಈ ತಂಗಿ," ಎಂದು ಕುಪ್ಪ ನಗುತ್ತ ಸಾಯಿನಾಥನಿಗೆ ಹೇಳಿದ. "ನಾನು ಎಂತ ಹೇಳೂದು? ಪಟ್ಟಿಯೇ ನಾನು ಮಾರಾಯ್ತಿ ಅಂದೆ. ಅದಕ್ಕೆ ತಿಳಿಲಿಲ್ಲ. ನಿಮಗೆ ತಿಳೀತದೆ. ನಿಮ್ಮ ನಲವತ್ತು ಕ್ಯಾನೂ ನಾನೇ ತುಂಬ್ಸಿದ್ದು."

ಒಂದು ಕೋಳಿ ಶೇಂಗಾದ ಕಡೆ ಬಂತು. ಶಂಕರಿ ಸಿಪ್ಪೆಯೊಂದನ್ನು ಎಸೆದು ಓಡಿಸಿದಳು.

"ನಾನು ಆಗ ತೆಂಗಿನ ಮರದಿಂದ ಬಿದ್ದು ಎರಡು ವರ್ಷ ಆಗಿತ್ತು. ಕೂತದ್ದೇ ಕೆಲಸ. ಹೆಂಗಸ್ರು ಬೆಳಿಗ್ಗೆ ಐದಕ್ಕೆ ಎದ್ದು ಸೊಪ್ಪು ಕಟ್ಟಿ ಬುಟ್ಟಿ ತಲೆ ಮೇಲೆ ಇಟ್ಕಂಡು ಅಂಕೋಲೆ ಪೇಟೆಗೆ ಹೋಗೂದು, ಉಳಿದವ್ರು ಗದ್ದಿಗೆ. ಹರ್ಗೆಸೊಪ್ಪಿನ ಬುಟ್ಟಿಲಿ ಈ ಕ್ಯಾನು ಇಟ್ಕಂಡು ಹೋಗೂಕಾಗ್ತದಾ? ಸೊಪ್ಪು ಯಾರು ತಕಂತಾರೆ? ಗಂಡಸ್ರು ಮಾತ್ರ ಎಂತ, ಅವ್ರಿಗೂ ನಾಚಿಕೆ. ಬ್ಯಾಡ ಅನ್ನೂಕೂ ಆಗೂದಿಲ್ಲ, ನರ್ಸಬಾಯಿ ನಮ್ಮವಳು. ಮನಿಗೆ ಬಂದ ಪಾತ್ರೆ ಖಾಲಿ ಕಳ್ಸೂದು ಹ್ಯಾಂಗೆ? ಹಂಗಾಗಿ ಎಲ್ಲರೂ ತಂದು ನನ್ನ ಮುಂದೆ ಇಟ್ರು. ದಿನಾ ಎರಡು ಕ್ಯಾನು, ಇಪ್ಪತ್ತು ದಿವ್ಸ. ನನ್ನ ಒಂದು ದಿನದ್ದೆಲ್ಲ ಹಳೇ ತಂಬಿಗಿಲಿ ಕೂಡ್ಸಿ, ಬೆಳಿಗ್ಗೆ ಗೆರೆ ನೋಡಿ ಎರಡಕ್ಕೂ ಸಮ ಮಾಡಿ ಹಾಕೂದು. ಯಾರಿಗೂ ಒಂದು ಹನಿ ಹೆಚ್ಚು ಕಡಿಮಿ ಮಾಡ್ಲಿಲ್ಲ. ಗಂಜಿ ತಿಳಿ ಜಾಸ್ತಿ ಕುಡೀತಿದ್ದೆ, ಸಾಕಾಗಬೇಕಲ್ಲ."

ಒಬ್ಬ ಮನುಷ್ಯನನ್ನು ಎರಡರಿಂದ ಭಾಗಿಸಿದರೆ ಅರ್ಧ ಮನುಷ್ಯ. ಒಂಬತ್ತು ಗ್ರಾಮಿನ ಅರ್ಧ ನಾಲ್ಕೂವರೆ ಗ್ರಾಂ. ಹನ್ನೊಂದು ವರ್ಷ ಮಡಚಿಟ್ಟ ಹಾಳೆ ಸಾಯಿನಾಥನೊಳಗೆ ಯಾರ ಅಪ್ಪಣೆಯನ್ನೂ ಕೇಳದೆ ಬಿಚ್ಚಿಕೊಂಡಿತು. ಲೆಕ್ಕ ಎಷ್ಟು ಸರಳವಾಗಿತ್ತೆಂದರೆ ಅವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಉತ್ತರ ಸರಿಹೊಂದಿದ ಹುಡುಗನ ಸಂತೋಷ. ನೆದರ್ಲೆಂಡಿನವನು ಹುಡುಕಿದ ವಂಶವಾಹಿ ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗುಂಡಿ ಹಾಕಿಕೊಂಡಿತ್ತು. ಜಪಾನಿನ ಸಮೀಕರಣದ ಎರಡೂ ಬದಿಗೆ ಒಂದೇ ತಂಬಿಗೆ ಇತ್ತು. ಆ ಅಧ್ಯಯನದಲ್ಲಿ ಪಾಲ್ಗೊಂಡವರಲ್ಲೆಲ್ಲ ಅಳತೆಯನ್ನು ಪ್ರಾಮಾಣಿಕವಾಗಿ ಮಾಡಿದವನು ಇವನೊಬ್ಬನೇ. ಪ್ರಬಂಧದ ಕೊನೆಯಲ್ಲಿ ಗ್ರಾಮಸ್ಥರ ಸಹಕಾರಕ್ಕೆ ಕೃತಜ್ಞತೆ ಎಂದು ಬರೆದದ್ದು, ಈಗ ನೋಡಿದರೆ, ಇಡೀ ಆರು ಪುಟಗಳಲ್ಲಿ ನಿಜವಾದ ಏಕೈಕ ವಾಕ್ಯ.

"ನಿಮಗೆ ಗೊತ್ತಿತ್ತಾ?" ಎಂದು ಅವನು ಗೋದಾವರಿಯನ್ನು ಕೇಳಿದ.

"ಕಡೇ ವಾರದಲ್ಲಿ ಕಂಡೆ ಸರ್. ಹೇಳೂಕೆ ನಿಮ್ಮ ಕೋಣೆಗೆ ಬಂದಿದ್ದೆ. ಲೆಕ್ಕ ನಡೀತಾ ಉಂಟು, ಮಧ್ಯ ಬರಬೇಡ ಅಂದ್ರಿ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನಾನೂ ಹೇಳ್ಲಿಲ್ಲ ಮತ್ತೆ. ನನ್ನ ತಪ್ಪೂ ಉಂಟು."

"ನನ್ನ ನಂಬರು ಹದಿನೇಳು," ಎಂದಳು ಶಂಕರಿ. ತಲೆ ಎತ್ತಿರಲಿಲ್ಲ. ಮಾತು ಬಾಯಿಯ ಒಂದು ಬದಿಯಿಂದ ಬರುತ್ತಿತ್ತು. "ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದ್ರು ನರ್ಸಬಾಯಿ. ನೂರ ಅರವತ್ತೆಂಟು ಅಂದ್ರು, ಗುಳಿಗೆ ಬೇಕು ಅಂದ್ರು. ನೀವು ಚೀಟಿ ನೋಡಿ, ಉಪ್ಪು ಇಷ್ಟು ಕಡಿಮೆ ಇದೆ, ಬಿ.ಪಿ. ಬರೂದಿಲ್ಲ, ಇದು ಡಾಕ್ಟ್ರನ್ನ ಕಂಡ ಹೆದ್ರಿಕೆ, ಗುಳಿಗೆ ಬ್ಯಾಡ ಅಂದ್ರಿ." ಒಂದು ಕಾಳನ್ನು ಹಲ್ಲಿನಿಂದ ಒಡೆದು ಕೈಗೆ ಉಗುಳಿದಳು. "ಈಗ ಹೆದ್ರಿಕೆ ಹೋತು ಡಾಕ್ಟ್ರೇ. ಅದರ ಸಂಗಡವೇ ಕೈಯೂ ಹೋತು."

ಅವನಿಗೆ ಆ ದಿನ ನೆನಪಾಯಿತು, ಮುಖ ನೆನಪಾಗಲಿಲ್ಲ; ನೆನಪಾದದ್ದು ಅಂಕೆ. ಹದಿನೇಳನೆಯ ಸಾಲು, ನೂರ ಅರವತ್ತೆಂಟು, ಅದರ ಪಕ್ಕದಲ್ಲಿ ಅವನೇ ಪೆನ್ಸಿಲಿನಿಂದ ಬರೆದ ಭಯ ಎಂಬ ಪದ. ಒಂಬತ್ತು ಮಂದಿಯ ಮುಂದೆ ಆ ಪದ ಬರೆದಿದ್ದ. ಕ್ಯಾನಿನ ಮಾತನ್ನು ನಂಬಿ ತೋಳಿನ ಮಾತನ್ನು ಅಲ್ಲಗಳೆದಿದ್ದ, ಯಾಕೆಂದರೆ ಕ್ಯಾನು ಹೇಳಿದ್ದು ಹೊಸದು, ತೋಳು ಹೇಳಿದ್ದು ಹಳೆಯದು. ಹಳೆಯದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಒಂಬತ್ತು ಗುಳಿಗೆ ಚೀಟಿ ಬರೆಯಲು ಹತ್ತು ನಿಮಿಷ. ಉಳಿದ ಎಂಟು ಮಂದಿಯನ್ನು ಕೇಳಬೇಕೆಂದುಕೊಂಡ. ಕೇಳಿದರೆ ಉತ್ತರ ಬರುತ್ತದೆ. ಅವನ ಹೊಟ್ಟೆಯ ಕೆಳಗಿನ ಭಾರ ಈಗ ನೋವಾಗಿತ್ತು, ಮತ್ತು ಆ ನೋವು ಬೇರೆ ಎಲ್ಲವನ್ನೂ ಬದಿಗೆ ತಳ್ಳುತ್ತಿದ್ದುದರಿಂದ ಅದರ ಮೇಲೆ ಅವನಿಗೆ ಒಂದು ಬಗೆಯ ಕೃತಜ್ಞತೆ ಹುಟ್ಟಿತು.

ಕುಪ್ಪ ಪಕ್ಕದ ಕ್ಯಾನನ್ನು ಎತ್ತಿ ಬೆಳಕಿಗೆ ಹಿಡಿದ. "ಇದೊಂದು ನನ್ನ ಹೆಸರಿಂದೇ ಕೊಡ್ವಾ ಅಂತ ಆಸಿ ಇತ್ತು. ಆಗೂದಿಲ್ಲ ಈಗ. ಕಿಡ್ನಿ ಹೋತು ಅಂದ್ರು. ದಿನಕ್ಕೆ ಅರ್ಧ ಲೋಟ ಇಲ್ಲ. ಅಷ್ಟು ಹಾಕಿ ಕೊಟ್ರೆ ಮರ್ಯಾದಿ ಅಲ್ಲ ಅಂತ ಮುಟ್ಟಲೇ ಇಲ್ಲ." ಅವನು ಸಾಯಿನಾಥನ ನಿಂತ ರೀತಿಯನ್ನು ಕಣ್ಣು ಕಿರಿದು ಮಾಡಿ ನೋಡಿದ, ಇಪ್ಪತ್ತು ದಿನ ಆ ಒಂದೇ ಉದ್ಯೋಗ ಮಾಡಿದವನಿಗೆ ಕುರುಹು ಗೊತ್ತಿತ್ತು. "ನಿಮಗೆ ಅವಸರ ಇದ್ದಂಗೆ ಕಾಣ್ತದಲ್ಲ. ಹಿತ್ತಲಲ್ಲಿ ತೆಂಗಿನ ಬುಡ ಉಂಟು, ಯಾರೂ ಬರೂದಿಲ್ಲ. ಇದನ್ನೂ ತಕಂಡು ಹೋಗಿ. ನಾನು ನಿಮಗೆ ನಲವತ್ತು ತುಂಬ್ಸಿ ಕೊಟ್ಟೆ, ನೀವು ನಂಗೆ ಒಂದು ತುಂಬ್ಸಿ ಕೊಡಿ. ತಂಗಿಗೆ ಕಡಿಮಿ ಬೀಳೂದು ಬ್ಯಾಡ."

ನಾಗಶ್ರೀ ಬೇರೆ ಕಡೆ ನೋಡಿದಳು. ಸಾಯಿನಾಥ ಕ್ಯಾನು ತೆಗೆದುಕೊಂಡು ಮನೆಯ ಹಿಂದೆ ನಡೆದ. ಬೇಡವೆನ್ನುವಷ್ಟು ಕಾಲ ಅವನ ದೇಹದಲ್ಲಿ ಉಳಿದಿರಲಿಲ್ಲ. ತೆಂಗಿನ ಬುಡದಲ್ಲಿ ನಿಂತು ಮುಚ್ಚಳ ತಿರುಗಿಸಿದ. ಒಳಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಹೊರಗೆ ಗೆರೆಗಳು, ನೂರು, ಇನ್ನೂರು, ಮುನ್ನೂರು, ಎರಡು ಸಾವಿರದವರೆಗೆ. ಚೀಟಿಯ ಮೇಲೆ ಕುಪ್ಪ ಗೌಡ, ವಯಸ್ಸು ಎಪ್ಪತ್ತೊಂಬತ್ತು. ಇದನ್ನು ಗೆರೆ ಮುಟ್ಟುವವರೆಗೆ ತುಂಬಿಸಿ ಕೊಟ್ಟರೆ ಮುದುಕನಿಗೆ ತೃಪ್ತಿ, ಅತಿಥಿಗೆ ಶೋಭೆ, ಲ್ಯಾಬಿಗೆ ಒಂದು ಅಂಕೆ, ಯಾರಿಗೂ ನಷ್ಟವಿಲ್ಲ. ಇಡೀ ವ್ಯವಹಾರ ನಿಂತಿರುವುದೇ ಈ ಸೌಜನ್ಯದ ಮೇಲೆ. ಒಬ್ಬರ ಹೆಸರಿನ ಕ್ಯಾನಿಗೆ ಇನ್ನೊಬ್ಬರು ತುಂಬಿಸುವುದು, ಗೆರೆ ನೋಡಿ, ಸಮನಾಗಿ. ಅವನು ತನ್ನ ಇಪ್ಪತ್ತೆರಡು ಪ್ರಬಂಧಗಳಿಗೆ ಮೂವತ್ತೇಳು ಸಲ ಮಾಡಿದ್ದೂ ಅದನ್ನೇ. ಒಂದು ಕ್ಷಣ ಅವನು ಕ್ಯಾನನ್ನು ಸರಿಯಾದ ಎತ್ತರಕ್ಕೆ ಹಿಡಿದೂ ಹಿಡಿದ. ಆಮೇಲೆ ಮುಚ್ಚಳ ಹಾಕಿ ಒಣಗಿದ ಗರಿಯ ಮೇಲೆ ಇಟ್ಟು, ತೆಂಗಿನ ಬುಡಕ್ಕೆ ತಿರುಗಿ, ಸದಾಶಿವಗಡದಿಂದ ಹೊತ್ತು ತಂದದ್ದನ್ನೆಲ್ಲ ನೆಲಕ್ಕೆ ಬಿಟ್ಟ. ಬಹಳ ಹೊತ್ತು ಹಿಡಿಯಿತು. ಮರಳು ಅದನ್ನು ಯಾವ ಟಿಪ್ಪಣಿಯೂ ಇಲ್ಲದೆ ಕುಡಿಯಿತು.

ಜಗಲಿಗೆ ಬಂದು ಕ್ಯಾನನ್ನು ಕುಪ್ಪನ ಕೈಗೆ ಕೊಟ್ಟ. ಮುದುಕ ಅದನ್ನು ಕಿವಿಯ ಹತ್ತಿರ ಅಲುಗಾಡಿಸಿದ.

"ಎಂತ ಡಾಕ್ಟ್ರೇ, ಖಾಲಿ ಕೊಡ್ತ್ರಿ?"

"ಖಾಲಿ," ಎಂದ ಸಾಯಿನಾಥ. ನಾಗಶ್ರೀಯ ಕಡೆಗೆ ತಿರುಗಿದ. ಅವಳ ಮಡಿಲಲ್ಲಿ ದಾಖಲೆಯ ಪುಸ್ತಕ ತೆರೆದಿತ್ತು. ಎಡಪುಟದ ಮೇಲ್ಭಾಗದಲ್ಲಿ ಹಳೆಯ ಅಧ್ಯಯನ, ಒಟ್ಟು ಮಂದಿ ನಲವತ್ತು ಎಂದು ಬರೆದಿದ್ದಳು. ಅವನು ಪೆನ್ನು ತೆಗೆದುಕೊಂಡು ನಲವತ್ತನ್ನು ಹೊಡೆದು ಒಂದು ಎಂದು ಬರೆದ. ಒಂದು ಎಂಬ ಅಂಕೆಯನ್ನು ಕೆಡಿಸುವುದು ಕಷ್ಟ. "ಕ್ರಿಯಾಟಿನಿನ್ ಮಾಡಿಸಿದ್ದೆ," ಎಂದ. "ಹಾಳೆ ನನ್ನ ಹತ್ತಿರ ಇದೆ. ನಾಳೆ ತಂದು ಕೊಡ್ತೇನೆ. ಪ್ರಬಂಧ ಹಿಂದಕ್ಕೆ ತೆಗೆದುಕೊಳ್ತೇನೆಂದು ಪತ್ರಿಕೆಗೆ ಬರೆಯುವ ಪತ್ರಕ್ಕೆ ಅದನ್ನು ಸೇರಿಸು."

"ಪತ್ರ ಯಾರ ಹೆಸರಲ್ಲಿ ಸರ್?"

"ನನ್ನ ಹೆಸರಲ್ಲಿ. ಬೇರೆಯವರ ಹೆಸರಲ್ಲಿ ತುಂಬಿಸಿದ್ದು ಸಾಕು." ಆಮೇಲೆ ಅವನು ಗೋದಾವರಿಯಿಂದ ಬಿ.ಪಿ. ನೋಡುವ ಯಂತ್ರ ತೆಗೆದುಕೊಂಡು ಚಾಪೆಯ ಮೇಲೆ ಶಂಕರಿಯ ಎದುರು ಕೂತ, ಹನ್ನೊಂದು ವರ್ಷ ತಡವಾಗಿ. ಅವಳು ಬಲಗೈ ಮುಂದೆ ಚಾಚಿದಳು. ನೂರ ಎಪ್ಪತ್ತೆರಡು. ಚೀಟಿ ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. "ಉಳಿದ ಎಂಟು ಮಂದಿ?" ಎಂದು ಕೇಳಿದ. "ಆರು ಮಂದಿ ಇದ್ದಾರೆ," ಎಂದಳು ಶಂಕರಿ. ಎಂಟರಲ್ಲಿ ಆರು ಹೋದರೆ ಉಳಿಯುವುದನ್ನು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರಿಗೂ ಲೆಕ್ಕ ಬರುತ್ತಿತ್ತು.

ಆ ಆರು ಮನೆಗಳಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕೂವರೆಯಾಯಿತು. ಕಾರು ಹತ್ತುವಾಗ ಕುಪ್ಪ ಜಗಲಿಯಿಂದಲೇ, ಖಾಲಿ ಕಳ್ಸೂದಾ, ಎಂದು ಸೊಸೆಗೆ ಗದರಿದ. ಅವಳು ಆ ಕ್ಯಾನಿನ ಬಾಯಿಯಿಂದ ಹಿಡಿ ಹಿಡಿಯಾಗಿ ಬಿಡಿಸಿದ ಶೇಂಗಾ ತುಂಬಿಸಿ, ಮುಚ್ಚಳ ತಿರುಗಿಸಿ, ನಾಗಶ್ರೀಯ ಕೈಗೆ ಕೊಟ್ಟಳು. ಗೆರೆಯ ಪ್ರಕಾರ ಒಂದು ಸಾವಿರದ ಇನ್ನೂರು. ಮನೆಗೆ ಬಂದ ಪಾತ್ರೆ ಹೇಗೋ ತನ್ನ ಮರ್ಯಾದೆ ಉಳಿಸಿಕೊಂಡಿತು.

ಹಾರವಾಡದ ಹತ್ತಿರ ಕಾರನ್ನು ಬದಿಗೆ ನಿಲ್ಲಿಸಿ ಸಾಯಿನಾಥ ಫೋನಿನಲ್ಲಿ ಅರ್ಜಿ ತೆರೆದ. ಪ್ರಬಂಧಗಳ ಪಟ್ಟಿಯಲ್ಲಿ ಒಂದನೆಯದನ್ನು ಅಳಿಸಿದ. ಯಂತ್ರ ಒಂದು ಕ್ಷಣ ಯೋಚಿಸಿ ಸೂಚ್ಯಂಕ ಮೂರು ಎಂದು ತೋರಿಸಿ, ಅರ್ಹತೆ ಇಲ್ಲ ಎಂದು ಕೆಂಪಕ್ಷರದಲ್ಲಿ ಬರೆದು, ಐದು ಗಂಟೆಗೆ ಇನ್ನೂ ಎಂಟು ನಿಮಿಷ ಇರುವಾಗಲೇ ಕಿಟಕಿ ಮುಚ್ಚಿತು. ಶಿವಾನಂದನ ಫೋನು ಬಂದು ನಿಂತಿತು, ಮತ್ತೆ ಬಂತು. ಅವನು ಎತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಗೋದಾವರಿ ಶೇಂಗಾ ತಿನ್ನಲೋ ಬೇಡವೋ ಎಂದು ಕ್ಯಾನಿನ ಮುಚ್ಚಳವನ್ನು ಮೂಸಿ ನೋಡುತ್ತಿದ್ದಳು. ಪಾಪವನ್ನು ಇಳಿಸಿಬಂದವನಿಗೆ ಹಗುರಾಗಬೇಕೆಂದು ಅವನು ಎಲ್ಲೋ ಓದಿದ್ದ. ಹಗುರಾದದ್ದು ಮೂತ್ರಕೋಶ ಮಾತ್ರ. ಹನ್ನೊಂದು ವರ್ಷದ ಅಭ್ಯಾಸ ಬೆರಳಿನಲ್ಲಿ ಉಳಿದಿತ್ತು. ಬೇಡವೆಂದುಕೊಳ್ಳುತ್ತಲೇ ಅವನು ಬೆಳಗಿನ ಆ ಪುಟವನ್ನು ತೆರೆದ. ನಾನೂರ ಹದಿನಾಲ್ಕು. ಈ ಸಲದವನು ಕೆನಡಾದವನು. ಮಧ್ಯಾಹ್ನ, ಅವನು ತೆಂಗಿನ ಬುಡದಲ್ಲಿ ನಿಂತಿದ್ದ ಹೊತ್ತಿಗೆ ಇರಬೇಕು, ಲೋಕದಲ್ಲಿ ಮತ್ತೊಬ್ಬನು ಕುಪ್ಪನನ್ನು ನಂಬಿದ್ದ.